ಬಸಿರಲ್ಲಿ ಶುಗರ್ ಇದ್ದರೆ, ‘ಎನ್‌ಐಸಿಯು ಇದೆ’ ಅನ್ನುವ ಮಾತನ್ನು ನಂಬುವ ಮುಂಚೆ

ಬೆಂಗಳೂರಲ್ಲಿ ಹೆರಿಗೆಗೆ ಆಸ್ಪತ್ರೆ ಹುಡುಕುತ್ತಿದ್ದೀರಾ? ಬಸಿರಲ್ಲಿ ಶುಗರ್ ಬಂದಿದೆಯಾ? ಹಾಗಾದರೆ ಬೋರ್ಡ್ ಮೇಲೆ ‘ಎನ್‌ಐಸಿಯು ಸೌಲಭ್ಯವಿದೆ’ ಅಂತ ಇರುವುದನ್ನು, ಅಂದರೆ ಹುಷಾರಿಲ್ಲದ ಹಸುಗೂಸುಗಳ ತೀವ್ರ ನಿಗಾ ಘಟಕ ಇದೆ ಅನ್ನುವುದನ್ನು, ಸುಮ್ನೆ ನಂಬಬೇಡಿ. ಬಾಗಿಲು ತೆಗೆಸಿ ಒಳಗೆ ನೋಡಿ. ನಾವು ಕೇಳಿದಾಗ ರಿಸೆಪ್ಷನ್‌ನಲ್ಲಿ “ಎಲ್ಲಾ ಇದೆ ಮೇಡಂ” ಅಂದಿದ್ದರು. ಇದ್ದದ್ದು ಒಂದು ಚಿಕ್ಕ ರೂಮು. ಮಗುವನ್ನು ಬೆಚ್ಚಗಿಡುವ ಒಂದು ವಾರ್ಮರ್, ಕಾಮಾಲೆ ಆದ ಮಕ್ಕಳಿಗೆ ಹಾಕುವ ನೀಲಿ ಲೈಟು, ಅಷ್ಟೇ. ವಾರ್ಮರ್ ಮೇಲೆ ಸಲೈನ್ ಬಾಟಲಿಗಳ ರಟ್ಟಿನ ಡಬ್ಬ ಪೇರಿಸಿಟ್ಟಿದ್ದರು. ಮಕ್ಕಳ ಡಾಕ್ಟರ್ ‘ಆನ್ ಕಾಲ್’. ಅಂದರೆ ಫೋನ್ ಮಾಡಿದರೆ ಬರುತ್ತಾರೆ. ಎತ್ತಿದರೆ.

ನನಗೆ ಏಳನೇ ತಿಂಗಳಲ್ಲಿ ಗೊತ್ತಾಯಿತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರಲ್ಲ, ಅದು 140 ಮುಟ್ಟಿದರೆ ಶುಗರ್ ಅಂತ ಲೆಕ್ಕ. ಊಟದಲ್ಲಿ ಪಥ್ಯ ಮಾಡಿದರೂ ಬೆಳಗ್ಗೆ ಖಾಲಿ ಹೊಟ್ಟೆಯದ್ದು 95ಕ್ಕಿಂತ ಕೆಳಗೆ ಇಳಿಯಲಿಲ್ಲ, ಇನ್ಸುಲಿನ್ ಶುರುವಾಯಿತು. (ಸೀಮಂತದ ದಿನ ನಮ್ಮತ್ತೆ “ಬೆಲ್ಲದ ಹೋಳಿಗೆ ಕಣಮ್ಮಾ, ಏನೂ ಆಗಲ್ಲ” ಅಂದರು. ಆಗುತ್ತೆ. ಬೆಲ್ಲವೂ ಸಕ್ಕರೆಯಷ್ಟೇ ಏರಿಸುತ್ತೆ.) ನನ್ನನ್ನು ನೋಡುತ್ತಿದ್ದ ಡಾಕ್ಟರ್ ಬಗ್ಗೆ ದೂರಿಲ್ಲ. ಮಗು ಹೊರಗೆ ಬಂದ ಮೇಲೆ ಅದನ್ನು ನೋಡುವವರೇ ಇರಲಿಲ್ಲ, ದೂರು ಅದು.

ಸಂಜೆ ಸಿಸೇರಿಯನ್ ಆಯಿತು. ಮಗು ನಾಲ್ಕು ಕಿಲೋ ಹತ್ತಿರ. ಗುಂಡುಗುಂಡಾಗಿದೆ ಅಂತ ಎಲ್ಲರಿಗೂ ಖುಷಿ. ನನ್ನನ್ನು ರಿಕವರಿ ರೂಮಲ್ಲಿ ಮಲಗಿಸಿದರು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಕಡೆ ಇಟ್ಟರು. ಗಂಟೆಗಟ್ಟಲೆ ಹಾಲು ಕುಡಿಸಲೇ ಇಲ್ಲ. ಅಕ್ಕ ಹೋಗಿ ಮಗುವಿನ ಶುಗರ್ ನೋಡಿದ್ರಾ ಅಂತ ಕೇಳಿದಳು. ಡ್ಯೂಟಿ ನರ್ಸ್ ಹೇಳಿದ್ದು: “ಶುಗರ್ ಇರೋದು ಅಮ್ಮಂಗೆ ಅಲ್ವಾ? ಮಗುಗೆ ಯಾಕೆ?”

ಯಾಕೆ ಅಂತ ಕೇಳಿ. ತಾಯಿಯ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದು ಮಗುವಿಗೂ ಹೋಗುತ್ತೆ. ಅದನ್ನು ಅರಗಿಸಲು ಮಗು ಹೊಟ್ಟೆಯಲ್ಲೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತೆ. ಹೊಕ್ಕಳುಬಳ್ಳಿ ಕತ್ತರಿಸಿದ ತಕ್ಷಣ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಉಳಿಯಿತು. ಹಾಗಾಗಿ ಮೊದಲ ಕೆಲವು ಗಂಟೆಗಳಲ್ಲೇ ಮಗುವಿನ ಶುಗರ್ ದಬಕ್ಕನೆ ಬೀಳಬಹುದು. ಅದಕ್ಕೇ ಒಂದು ಗಂಟೆಯೊಳಗೆ ಹಾಲು ಕೊಡಬೇಕು, ಆಮೇಲೆ ಎರಡು ಮೂರು ಗಂಟೆಗೊಮ್ಮೆ ಕೊಡುತ್ತಿರಬೇಕು, ಹಿಮ್ಮಡಿ ಚುಚ್ಚಿ ಶುಗರ್ ನೋಡುತ್ತಿರಬೇಕು.

ಮಗುವಿನ ಕೈ ನಡುಗುತ್ತಿತ್ತು. ಚಳಿ ಅಂದರು. ಎದೆಗೆ ಹಾಕಿದರೆ ಚೀಪದೆ ತೂಕಡಿಸುತ್ತಿತ್ತು. ಅಕ್ಕ ಜಗಳ ಮಾಡಿದ ಮೇಲೆ ಚುಚ್ಚಿ ನೋಡಿದರು. ಮೀಟರ್ ಮೇಲೆ 28, ತೀರಾ ಕಡಿಮೆ. ಆಮೇಲೆ ಓಡಾಟವೋ ಓಡಾಟ. ಆ ಪುಟ್ಟ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ‘ಟೈ-ಅಪ್’ ಇದೆ ಅಂದಿದ್ದ ಆಸ್ಪತ್ರೆಗೆ ಫೋನ್ ಮಾಡಿದರೆ ಬೆಡ್ ಖಾಲಿ ಇಲ್ಲ. ಇನ್ನೊಂದು ಸಿಕ್ಕಿತು, ಊರಿನ ಆ ಕಡೆ. ಆಂಬುಲೆನ್ಸ್ ಬನಶಂಕರಿ ದಾಟುವುದರಲ್ಲೇ ನಮ್ಮ ಯಜಮಾನರ ಜೀವ ಬಾಯಿಗೆ ಬಂದಿತ್ತಂತೆ. ಹೊಲಿಗೆ ಹಾಕಿಸಿಕೊಂಡು ನಾನು ಇಲ್ಲಿ, ಕೂಸು ಅಲ್ಲಿ. ಅಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿದ ಮೇಲೆ ಶುಗರ್ ಬೀಳುವುದು ನಿಂತಿತು. ಮಗು ಈಗ ಚೆನ್ನಾಗಿದೆ. ಎಲ್ಲರಿಗೂ ಹೀಗೇ ಸರಿಹೋಗುತ್ತೆ ಅಂತ ಹೇಳುವ ಧೈರ್ಯ ನನಗಿಲ್ಲ.

ಎಂಟನೇ ತಿಂಗಳು ಮುಗಿಯುವುದರೊಳಗೆ ಆಸ್ಪತ್ರೆಯವರನ್ನು ನೇರವಾಗಿ ಕೇಳಿ. ರಾತ್ರಿ ಹೊತ್ತು ಮಕ್ಕಳ ಡಾಕ್ಟರ್ ಇಲ್ಲೇ ಇರುತ್ತಾರಾ? ಮಗುವಿನ ಶುಗರ್ ಯಾವಾಗ, ಯಾರು ನೋಡುತ್ತಾರೆ? ಸಿಸೇರಿಯನ್ ಆದರೂ ಮೊದಲ ಗಂಟೆಯಲ್ಲಿ ಎದೆಹಾಲು ಕೊಡಿಸುತ್ತೀರಾ? ತೊದಲಿದರೆ ಬೇರೆ ಕಡೆ ನೋಡಿಕೊಳ್ಳಿ. ಡಾಕ್ಟರ್ ಒಪ್ಪಿದರೆ 36 ವಾರದ ನಂತರ ನಿಮ್ಮ ಎದೆಯ ಗಿಣ್ಣು ಹಾಲನ್ನು ಸ್ವಲ್ಪ ಸ್ವಲ್ಪ ಹಿಂಡಿ ಸಿರಿಂಜ್‌ನಲ್ಲಿ ಫ್ರೀಜ್ ಮಾಡಿ ಇಟ್ಟುಕೊಳ್ಳಬಹುದು, ಅದಕ್ಕೂ ನಿಮ್ಮ ಆಸ್ಪತ್ರೆ ಒಪ್ಪುತ್ತಾ ಕೇಳಿ. ಮನೆಯ ಹಿರಿಯರು ಜೇನುತುಪ್ಪ ನೆಕ್ಕಿಸಲು ಬಂದರೆ ಬೇಡ ಅನ್ನಿ. ವರ್ಷ ತುಂಬುವವರೆಗೂ ಜೇನು ಕೂಡದು. ಸರ್ಕಾರಿ ಹೆರಿಗೆ ಆಸ್ಪತ್ರೆ ವಾಣಿ ವಿಲಾಸ ಅಂದರೆ ರಶ್ಶು ಅಂತ ನಾವೆಲ್ಲ ಮೂಗು ಮುರಿಯುತ್ತೇವೆ. ಆದರೆ ಅಲ್ಲಿ ತಾಯಿಗೂ ಮಗುವಿಗೂ ಒಂದೇ ಕಡೆ ಚಿಕಿತ್ಸೆ ಸಿಗುತ್ತೆ.

ಇನ್ನೊಂದು ವಿಷಯ. ಬಿಲ್ಲಿನಲ್ಲಿ ‘ನಿಯೋನೇಟಲ್ ಕೇರ್’ (ಹಸುಗೂಸಿನ ಆರೈಕೆ) ಅಂತ ಒಂದು ಸಾಲು ಸೇರಿಸಿದ್ದರು! ಡಬ್ಬ ಪೇರಿಸಿದ್ದ ಆ ರೂಮಿಗೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆ ಇದೆ, ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರವೂ ಇದೆ. ನಾವು ಅಲ್ಲಿಗೆ ಅರ್ಜಿ ಬರೆಯುತ್ತಿದ್ದೇವೆ. ನೀವೂ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಮಗುವಿನ ಶುಗರ್ ಬರೆದ ಹಾಳೆ ಎಲ್ಲದರ ಜೆರಾಕ್ಸ್ ಕೇಳಿ ಇಸಕೊಳ್ಳಿ. ನಮಗೆ ಆ ಹಾಳೆ ಕೊಡಲು ಇನ್ನೂ ಸತಾಯಿಸುತ್ತಿದ್ದಾರೆ.