ಹಳೆಯ ಕಾರಿನ ರನ್ನಿಂಗ್ ಬೋರ್ಡ್: ಅಂಟಿಸಿದ ರಬ್ಬರೋ, ಬೆಸೆದ ರಬ್ಬರೋ?

1930ರ ದಶಕದ ಅನೇಕ ಕಾರುಗಳಲ್ಲಿ ಬಾಗಿಲ ಕೆಳಗೆ ಉದ್ದಕ್ಕೂ ಚಾಚಿರುವ ರನ್ನಿಂಗ್ ಬೋರ್ಡ್ ಎಂದರೆ ಉಕ್ಕಿನ ತಗಡು ಮತ್ತು ಅದರ ಮೇಲಿನ ಗೀರುಗೀರಾದ ರಬ್ಬರ್. ರಬ್ಬರ್ ಬಿರುಕು ಬಿಟ್ಟು ನೀರು ಒಳಗಿಳಿದರೆ ತುಕ್ಕು ಕಣ್ಣಿಗೆ ಕಾಣದಂತೆ ಹರಡುತ್ತದೆ. ಆದ್ದರಿಂದ ಹಳೆಯ ರಬ್ಬರನ್ನು ಪೂರ್ತಿ ಕಿತ್ತು ನೋಡುವ ಮೊದಲು ದುರಸ್ತಿಯ ಯಾವ ದಾರಿಯನ್ನೂ ಆರಿಸಬಾರದು.

ಹೊಸ ರಬ್ಬರ್ ಹಾಳೆಯನ್ನು ಅಂಟಿಸುವುದು ಅಗ್ಗ, ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ತಗಡು ಬಾಗುವ ಅಂಚಿನಲ್ಲಿ ಹಾಳೆ ಸೆಟೆದು, ಅಂಟು ಅಲ್ಲಿಂದಲೇ ಬಿಡತೊಡಗುತ್ತದೆ. ಅಂಚಿಗೆ ಲೋಹದ ಪಟ್ಟಿ ಇರುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ವಲ್ಕನೀಕರಣದಲ್ಲಾದರೋ, ಮರಳು ಸಿಡಿಸಿ ಶುಚಿಗೊಳಿಸಿದ ತಗಡಿಗೆ ಬಂಧಕ ಲೇಪನ ಹಚ್ಚಿ, ಗಂಧಕ ಬೆರೆತ ಹಸಿ ರಬ್ಬರನ್ನು ಅಚ್ಚಿನಲ್ಲಿ ಶಾಖಕ್ಕೂ ಒತ್ತಡಕ್ಕೂ ಒಳಪಡಿಸುವುದರಿಂದ ಅದು ಲೋಹಕ್ಕೇ ಬೆಸೆದುಕೊಂಡು, ಮೂಲದ ಗೀರುಗಳು ಸ್ಪಷ್ಟವಾಗಿ ಮೂಡುತ್ತವೆ. ಅಡ್ಡಿಯೆಂದರೆ ಅಚ್ಚು: ನಿಮ್ಮ ಮಾದರಿಯದು ಸಿಗದಿದ್ದರೆ, ಒಂದೇ ಜೋಡಿಗಾಗಿ ಹೊಸದನ್ನು ಮಾಡಿಸುವುದು ದುಬಾರಿ.

ತುಕ್ಕು ತಗಡನ್ನೇ ತೂತು ಮಾಡಿದ್ದರೆ ತದ್ರೂಪಿ ಹೊಸ ಬೋರ್ಡನ್ನು ಕೊಳ್ಳಬಹುದು. ಬೋಲ್ಟಿನ ರಂಧ್ರಗಳು ಕೂಡುತ್ತವೆಯೇ ಎಂಬುದನ್ನು ಮಾತ್ರ ಬಣ್ಣ ಹಚ್ಚುವ ಮೊದಲೇ ನೋಡಿಕೊಳ್ಳಬೇಕು. ತಗಡು ಗಟ್ಟಿಯಿದ್ದು ಅಚ್ಚೂ ಲಭ್ಯವಿದ್ದರೆ ನನ್ನ ಆಯ್ಕೆ ವಲ್ಕನೀಕರಣವೇ. ದಿನವೂ ಓಡಾಡುವ ಕಾರಿಗೆ ಅಂಟಿಸಿದ ಹಾಳೆ ಸಾಕು.