ದೊಡ್ಡಪ್ಪನಿಗೊಂದು ವಿಕಿಪೀಡಿಯ ಪುಟ: 4,000 ರೂಪಾಯಿ, 3 ದಿನ

ಚಿಕ್ಕಬಳ್ಳಾಪುರದಲ್ಲಿ ‘ವಿಕಿಪೀಡಿಯ ಪುಟ ಮಾಡಿಕೊಡ್ತೀವಿ, ಗ್ಯಾರಂಟಿ’ ಅನ್ನೋರ ಹತ್ತಿರ ದೊಡ್ಡಪ್ಪನ ಪುಟ ಮಾಡಿಸಿದೆ. ಮೂರೇ ದಿನಕ್ಕೆ ಅಳಿಸಿಹೋಯಿತು. ದುಡ್ಡು ನೀರಲ್ಲಿ ಹೋಮ.

ಕೆರೆ ಒತ್ತುವರಿ ವಿರುದ್ಧ ದೊಡ್ಡಪ್ಪ ಇಪ್ಪತ್ತು ವರ್ಷ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಕಿಪೀಡಿಯ ಕೇಳೋದು ಬೇರೆ. ಯಾರ ಪುಟವೋ ಅವರಿಗೆ ಸಂಬಂಧವಿಲ್ಲದ, ನಂಬಬಹುದಾದ ಪತ್ರಿಕೆಯೋ ಪುಸ್ತಕವೋ ಅವರ ಬಗ್ಗೆಯೇ ವಿವರವಾಗಿ ಬರೆದಿರಬೇಕು. ಪುಟ ಮಾಡಿದ ಈ ಗ್ಯಾರಂಟಿಯವರು ಕೊಟ್ಟಿದ್ದ ಆಧಾರ ನೋಡಿ ನಗು ಬಂತು. ಒಂದು ಸನ್ಮಾನ ಪತ್ರ, ಒಂದು ಫೇಸ್‌ಬುಕ್ ಪೋಸ್ಟ್, ಆಮೇಲೆ ನಾನೇ ಕೊಟ್ಟಿದ್ದ ಪೇಪರ್ ತುಣುಕು, ಅದರ ಕೊನೆ ಸಾಲಲ್ಲಿ ಐದನೇ ಹೆಸರು ದೊಡ್ಡಪ್ಪನದು, ಮುಂದೆ ‘ಮತ್ತಿತರರು ಇದ್ದರು’. ನಮ್ಮ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರಿಗೆ ಈ ತಾಪತ್ರಯ ಇಲ್ಲ ಬಿಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, 1984ರಲ್ಲಿ ಪದ್ಮಭೂಷಣ ಬಂದವರು, ಅವರ ಬಗ್ಗೆ ಬರೆದವರು ಎಷ್ಟು ಜನ!

ದುಡ್ಡು ತಗೊಂಡು ಬರೆದರೆ ಅದನ್ನು ಅಲ್ಲೇ ಹೇಳಬೇಕು ಅಂತಲೂ ನಿಯಮ ಇದೆ. ಈ ಗ್ಯಾರಂಟಿಯವರು ಅದನ್ನೂ ಮುಚ್ಚಿಟ್ಟಿದ್ದರು. ಫೋನ್ ಮಾಡಿದರೆ ‘ಇನ್ನೊಂದು 2,000 ಕೊಡಿ ಸರ್, ಮತ್ತೆ ಹಾಕ್ತೀವಿ’ ಅಂದರು. ಅಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ, ಇವರ ಮೇಲಿದೆ. ಒಂದು ಸ್ಟಾರ್, ಅದೂ ಜಾಸ್ತಿ.

ದೊಡ್ಡಪ್ಪ ಕೇಳಿದ್ದು ಒಂದೇ: ‘ಆ ಪೇಪರ್ ತುಣುಕು ವಾಪಸ್ ಇಸ್ಕೊಂಡ್ಯಾ?’