ಏಜೆಂಟಾ, ನೇರ ಪ್ರಕಾಶಕರಾ?

ತುಮಕೂರಿನಲ್ಲಿ ಕೂತು ಮೊದಲ ಕಾದಂಬರಿ ಮುಗಿಸಿದ್ದೀರಾ? ಕನ್ನಡದ್ದಾದರೆ ಏಜೆಂಟ್, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವವರನ್ನು, ಹುಡುಕುವುದು ಸುಮ್ನೆ ದಂಡ. ನಮ್ಮಲ್ಲಿ ಹಸ್ತಪ್ರತಿ ನೇರ ಪ್ರಕಾಶಕರ ಕೈಗೇ ಹೋಗುವುದು ರೂಢಿ. ಬೆಳಗ್ಗೆ ಬೆಂಗಳೂರು ರೈಲು ಹತ್ತಿದರೆ ಮಾತಾಡಿಕೊಂಡು ಸಂಜೆಗೆ ವಾಪಸ್ ಬರಬಹುದು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ.

ಇಂಗ್ಲಿಷಿನದ್ದಾದರೆ ಲೆಕ್ಕವೇ ಬೇರೆ. ದೊಡ್ಡ ಪ್ರಕಾಶಕರ ಹತ್ತಿರ ಏಜೆಂಟರ ಮಾತಿಗೆ ಬೆಲೆ ಜಾಸ್ತಿ. ಅನುವಾದ, ಸಿನಿಮಾ, ಆಡಿಯೋ ಹಕ್ಕು ಯಾರಿಗೆ ಅಂತ ಅವರೇ ಜಗ್ಗಾಡುತ್ತಾರೆ. ಅದಕ್ಕೆ ನಿಮ್ಮ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇ. 15, ವಿದೇಶಿ ಹಕ್ಕಿಗೆ ಶೇ. 20 ಅವರ ಪಾಲು. ಪುಸ್ತಕವನ್ನು ಯಾವ ಪ್ರಕಾಶಕರೂ ಕೊಳ್ಳದಿದ್ದರೆ ಅವರಿಗೂ ಸೊನ್ನೆ. 'ಓದೋಕೆ ಐದು ಸಾವಿರ ಕಳ್ಸಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

ಏಜೆಂಟರನ್ನು ಹುಡುಕುವುದು ಎಲ್ಲಿ? ನಿಮ್ಮದೇ ಬಗೆಯ ಪುಸ್ತಕಗಳಲ್ಲಿ ಕೃತಜ್ಞತೆಯ ಪುಟ ಇರುತ್ತದಲ್ಲ, ಅದನ್ನು ತೆರೆದು ನೋಡಿ. ಏಜೆಂಟರ ಹೆಸರು ಎಷ್ಟೋ ಸಲ ಅಲ್ಲೇ ಸಿಗುತ್ತದೆ.